ತಕ್ಕಡಿಯ ಮೇಲಿನ ಮುದ್ರೆ



ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ನಾವು ನೋಡುವುದು ಕೆಂಪಗೆ ಹೊಳೆಯುವ ಅಂಕಿಗಳನ್ನು ಮಾತ್ರ. ಅದರ ಮೈಮೇಲೆ ಸಣ್ಣದೊಂದು ಸರ್ಕಾರಿ ಮುದ್ರೆಯೂ ಇರಬೇಕು. ಈ ಬಗೆಯ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಕಬ್ಬಿಣದ ಬಟ್ಟುಗಳಿಗಾದರೆ ಎರಡು ವರ್ಷಕ್ಕೊಮ್ಮೆ. ಪರೀಕ್ಷೆಯ ಪ್ರಮಾಣಪತ್ರವನ್ನು ಗಿರಾಕಿಗಳಿಗೆ ಕಾಣುವಂತೆ ಅಂಗಡಿಯಲ್ಲಿ ಹಾಕಿರಬೇಕು. ಇದೆಲ್ಲ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳ ಮಾತು. ಹೆಸರು ಬಾಯಿಗೆ ಹತ್ತುವಂಥದ್ದಲ್ಲ, ಆ ಇಲಾಖೆಯವರನ್ನು ಜನ ಈಗಲೂ ತೂಕ-ಅಳತೆಯವರು ಅಂತಲೇ ಕರೆಯುತ್ತಾರೆ.

ಹಿಂದೆ ಊರೂರಿಗೂ ಬೇರೆ ಸೇರು, ಬೇರೆ ಬಳ್ಳ ಇದ್ದವು. ಒಂದು ಸಂತೆಯ ಸೇರು ಇನ್ನೊಂದು ಸಂತೆಯಲ್ಲಿ ಸೇರಾಗಿ ಉಳಿಯುತ್ತಿರಲಿಲ್ಲ. 1956ರ ಕಾಯ್ದೆ ದೇಶಕ್ಕೆಲ್ಲ ಕಿಲೋ, ಲೀಟರು, ಮೀಟರನ್ನು ತಂದಿತು. ಹೂವಿನ ವ್ಯಾಪಾರ ಮಾತ್ರ ಅದಕ್ಕೆ ಸೊಪ್ಪು ಹಾಕಲಿಲ್ಲ. ಮಲ್ಲಿಗೆಯನ್ನು ಇವತ್ತಿಗೂ ಮೊಳದಲ್ಲೇ ಅಳೆಯುತ್ತಾರೆ, ಮಾರುವವರ ಕೈ ಎಷ್ಟುದ್ದವೋ ನಮ್ಮ ಅದೃಷ್ಟ ಅಷ್ಟು.

ಪೊಟ್ಟಣದ ಸಾಮಾನಿನ ಮೇಲೆ ತಯಾರಿಸಿದವರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇವೆಲ್ಲ ಅಚ್ಚಾಗಿರಬೇಕು. ಈ ಗರಿಷ್ಠ ಬೆಲೆ, ಅಂದರೆ ಎಂಆರ್‌ಪಿ, ಎಲ್ಲ ತೆರಿಗೆಯೂ ಸೇರಿದ್ದು. 'ಫ್ರಿಜ್ಜಿನಲ್ಲಿಟ್ಟಿದ್ದು ಸ್ವಾಮಿ, ಎರಡು ರೂಪಾಯಿ ಜಾಸ್ತಿ' ಎಂದು ಅಂಗಡಿಯವರು ಕೇಳಿದರೆ ಕೊಡಬೇಕಾಗಿಲ್ಲ. ಅದಕ್ಕಿಂತ ಕಡಿಮೆಗೆ ಕೇಳುವ ಹಕ್ಕಂತೂ ನಮಗಿದ್ದೇ ಇದೆ. ಹೋಟೆಲಿನಲ್ಲಿ ಕೂತು ನೀರಿನ ಬಾಟಲಿ ತರಿಸಿಕೊಂಡರೆ ಮಾತು ಬೇರೆ. ಅಲ್ಲಿ ಸಿಗುವುದು ಬರೀ ಬಾಟಲಿಯಲ್ಲ, ಸೇವೆಯೂ ಸೇರಿದೆ, ಹಾಗಾಗಿ ಎಂಆರ್‌ಪಿಯ ಕಟ್ಟು ಹೋಟೆಲಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ಹೇಳಿತು. ನನಗೇನೋ ಈ ತೀರ್ಪು ಅಷ್ಟು ರುಚಿಸಿಲ್ಲ. ಮೇಜಿನ ಮೇಲೆ ತಂದಿಟ್ಟ ಮಾತ್ರಕ್ಕೆ ನೀರು ಬೇರೆಯಾಗುವುದಿಲ್ಲವಲ್ಲ.

ನಾವು ಹೆಚ್ಚು ಕಳೆದುಕೊಳ್ಳುವುದು ಕೇಳದೆ ಸುಮ್ಮನಿರುವ ಕಡೆ. ಮಿಠಾಯಿಯನ್ನು ರಟ್ಟಿನ ಡಬ್ಬಿಯ ಸಮೇತ ತೂಗಿದರೆ ಡಬ್ಬಿಗೂ ಮೈಸೂರು ಪಾಕಿನ ದರ ಕೊಟ್ಟಂತಾಯಿತು. ಡಬ್ಬಿಯ ತೂಕ ಕಳೆದು ತೂಗಿ ಎಂದು ಹೇಳಬಹುದು. ಪೆಟ್ರೋಲ್ ಬಂಕಿನಲ್ಲಿ ಮುದ್ರೆ ಹಾಕಿದ ಐದು ಲೀಟರಿನ ಅಳತೆ ಪಾತ್ರೆ ಇರುತ್ತದೆ. ಅನುಮಾನ ಬಂದರೆ ಅದಕ್ಕೆ ಹಾಕಿ ತೋರಿಸಿ ಅನ್ನಿ. ಇನ್ನು ಅಡುಗೆ ಅನಿಲ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಕುತ್ತಿಗೆಯ ಹತ್ತಿರದ ಪಟ್ಟಿಯಲ್ಲೇ ಬರೆದಿರುತ್ತಾರೆ. ಅದಕ್ಕೆ 14.2 ಕೂಡಿಸಿದರೆ ತುಂಬಿದ ಸಿಲಿಂಡರಿನ ತೂಕ. ತಂದುಕೊಡುವವರು ತೂಕದ ಯಂತ್ರವನ್ನು ಜೊತೆಗೆ ತರಬೇಕು, ಕೇಳಿದರೆ ತೂಗಿ ತೋರಿಸಬೇಕು.

ಕೇಳಿದರೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ, ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿಗೆ ಹೋಗುವಾಗ ಕೈಯಲ್ಲಿ ಬಿಲ್ಲು ಇರಬೇಕು. ದಯವಿಟ್ಟು ಬಿಲ್ಲು ಕೇಳಿ ಪಡೆಯಿರಿ.