ಗಿಟಾರಿನ ಧ್ವನಿಪೆಟ್ಟಿಗೆಗೆ ಬೀಟೆಯೇ ಬೇಕೇ?

(ವಿದ್ಯಾರ್ಥಿಗಳ ಹಾಗೂ ಗ್ರಾಮಸ್ಥರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಬೀಟೆ ಎಲ್ಲೆಲ್ಲಿಗೆ ಹೋಯಿತೆಂದು ಕೇಳಿದರೆ ಮಂಚ, ಬಾಗಿಲು, ಮೈಸೂರಿನ ಇನ್‌ಲೇ ಕೆಲಸ ಎಂಬ ಉತ್ತರ ಥಟ್ಟನೆ ಬರುತ್ತದೆ. ಗಿಟಾರ್ ಎಂಬ ಉತ್ತರ ಅಪರೂಪ. ಬ್ರೆಜಿಲ್ ತನ್ನ ಬೀಟೆಜಾತಿಯ ದಿಮ್ಮಿಗಳ ರಫ್ತನ್ನು ಬಿಗಿಗೊಳಿಸಿದ ಮೇಲೆ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರ ಸುಮಾರಿಗೆ ಭಾರತದ ಬೀಟೆಯತ್ತ ತಿರುಗಿತು. ಅಂದಿನಿಂದ ಈ ಮರ ಹೊರದೇಶದ ಗಿಟಾರುಗಳ ಬೆನ್ನು-ಪಕ್ಕೆಗಳಲ್ಲಿ ನೆಲೆಸಿದೆ.

ಇಂದಿನ ವಿಷಯ ಗಿಟಾರಲ್ಲ, ಅದರ ಜೊತೆಗಿರುವ ಪೆಟ್ಟಿಗೆ. ವಿದ್ಯುತ್ ಗಿಟಾರಿನ ದನಿಯನ್ನು ಹಿಗ್ಗಿಸುವ ಆಂಪ್ಲಿಫೈಯರ್ ಹಾಗೂ ಅದರ ಸ್ಪೀಕರು ಒಂದು ಮರದ ಪೆಟ್ಟಿಗೆಯಲ್ಲಿ ಕೂರುತ್ತವೆ. ಈ ಪೆಟ್ಟಿಗೆಯನ್ನು ವಾಲ್ನಟ್, ಬುಬಿಂಗಾ, ಬೀಟೆಯಂತಹ ಗಟ್ಟಿಮರಗಳಲ್ಲಿ ಗಿರಾಕಿಯ ಇಷ್ಟದಂತೆ ಮಾಡಿಕೊಡುವ ಕುಶಲಕರ್ಮಿಗಳು ಅಮೆರಿಕದಲ್ಲೂ ಯೂರೋಪಿನಲ್ಲೂ ಇದ್ದಾರೆ. ಗಟ್ಟಿಮರದಿಂದ ನಾದ ಕೂಡುತ್ತದೆ ಎಂಬ ಮಾತೂ ಆ ವ್ಯಾಪಾರದ ಬೆನ್ನಿಗೇ ಬರುತ್ತದೆ. ಆ ಮಾತನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ.

ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ 1946ರಲ್ಲಿ ಹೊರತಂದ ಆಂಪ್ಲಿಫೈಯರುಗಳಿಗೆ ಗಟ್ಟಿಮರದ ಪೆಟ್ಟಿಗೆಗಳಿದ್ದವು. ಬಟ್ಟೆಯ ಹೊದಿಕೆಯಿರಲಿಲ್ಲ, ಮರದ ಮೈಯೇ ಕಾಣುತ್ತಿತ್ತು. ಆ ಪದ್ಧತಿ ಎರಡು ವರ್ಷವೂ ಸರಿಯಾಗಿ ಬಾಳಲಿಲ್ಲ. 1948ರ ಹೊತ್ತಿಗೆ ಫೆಂಡರ್ ಹಗುರವಾದ ಪೈನ್ ಮರಕ್ಕೆ ಇಳಿದಿದ್ದರು. ಅದರ ಮೇಲೆ ಸೂಟ್‌ಕೇಸಿಗೆ ಹೊದಿಸುವಂತಹ ಬಟ್ಟೆಯನ್ನು ಅಂಟಿಸಿದರು. ಇಂದು ಸಂಗೀತಗಾರರು ಹುಡುಕಿ ಹುಡುಕಿ ದುಬಾರಿ ಬೆಲೆಗೆ ಕೊಳ್ಳುವುದು 1950ರ ದಶಕದ ಈ ಪೈನ್ ಪೆಟ್ಟಿಗೆಗಳನ್ನೇ. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ತಮ್ಮ ಅಂಗಡಿಯಿಂದ ಮೊದಲ ಆಂಪ್ಲಿಫೈಯರನ್ನು ಹೊರತಂದರು. ನಾಲ್ಕು ಸ್ಪೀಕರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಮಾರ್ಷಲ್ ಸಂಸ್ಥೆಗೆ ಹೆಸರು ತಂದದ್ದು ಬರ್ಚ್ ಮರದ ಪ್ಲೈವುಡ್. ಗಟ್ಟಿಮರವನ್ನು ಮತ್ತೆ ಫ್ಯಾಷನ್ನಿಗೆ ತಂದದ್ದು 1970ರ ದಶಕದಲ್ಲಿ ರ‍್ಯಾಂಡಲ್ ಸ್ಮಿತ್ ಅವರ ಮೇಸಾ ಬೂಗಿ ಸಂಸ್ಥೆ. ಹೊಳಪು ಕೊಟ್ಟ ಮರ, ಮುಂದೆ ಬೆತ್ತದ ಜಾಲರಿ. ನೋಡಲು ಸುಂದರವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಕಿವಿಯ ಲೆಕ್ಕ ಬೇರೆ. ಹಲಸಿನ ಮರದಿಂದ ಕೊರೆದ ವೀಣೆಯ ಕೊಡದಲ್ಲಿ ಮರವೇ ತಂತಿಯೊಂದಿಗೆ ಕಂಪಿಸಿ ನಾದ ಹುಟ್ಟಿಸುತ್ತದೆ. ಆಂಪ್ಲಿಫೈಯರಿನಲ್ಲಿ ನಾದ ಹುಟ್ಟುವುದು ಸ್ಪೀಕರಿನ ಕಾಗದದ ಶಂಕುವಿನಿಂದ. ಪೆಟ್ಟಿಗೆಯ ಅಗಲ, ಎತ್ತರ, ಆಳ, ಹಿಂಬದಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು, ಸ್ಪೀಕರನ್ನು ಬಿಗಿದ ಮುಂಬದಿಯ ಹಲಗೆಯ ದಪ್ಪ, ಇವುಗಳಿಂದ ದನಿ ಸ್ಪಷ್ಟವಾಗಿ ಬದಲಾಗುತ್ತದೆ. ಹಿಂಬದಿ ತೆರೆದಿದ್ದರೆ ಶಂಕುವಿನ ಹಿಂದಿನ ಅಲೆ ಸುತ್ತಿ ಬಂದು ಮುಂದಿನದರೊಡನೆ ಬೆರೆತು ಮಂದ್ರ ಸ್ವರಗಳು ಕುಗ್ಗುತ್ತವೆ. ಹಳೆಯ ಫೆಂಡರುಗಳ ತೆಳುವಾದ ಮುಂಬದಿ ಹಲಗೆ ತಾನೂ ಸ್ವಲ್ಪ ಕಂಪಿಸುತ್ತಿತ್ತು. ಅದರ ದನಿಯ ಸೊಗಸಿನಲ್ಲಿ ಅದಕ್ಕೂ ಒಂದು ಪಾಲಿದೆ. ದಪ್ಪನೆಯ, ಬಿರುಸಾದ ಗಟ್ಟಿಮರದ ಪಕ್ಕೆಗಳಾದರೋ ಕಂಪನವನ್ನು ತಡೆಯುತ್ತವೆ, ಎಂದರೆ ನಾದಕ್ಕೆ ತಮ್ಮದೇನನ್ನೂ ಬಹುವಾಗಿ ಸೇರಿಸುವುದಿಲ್ಲ. ಸ್ಪೀಕರಿಲ್ಲದೆ ಯಂತ್ರವನ್ನು ಮಾತ್ರ ಇರಿಸುವ ಬೇರೆ ಪೆಟ್ಟಿಗೆಯೂ ಉಂಟು. ಅದನ್ನು ಬೀಟೆಯಲ್ಲಿ ಮಾಡಿಸಿ ನಾದ ಕೂಡಿತೆನ್ನುವವರು ಕಿವಿಯಿಂದಲ್ಲ, ಕಣ್ಣಿನಿಂದ ಕೇಳುತ್ತಿದ್ದಾರೆ.

ಇನ್ನು ಮರದ ಲೆಕ್ಕ. ಒಂದು ಸ್ಪೀಕರಿನ ಪೆಟ್ಟಿಗೆ 24 ಅಂಗುಲ ಅಗಲ, 20 ಅಂಗುಲ ಎತ್ತರ, 10 ಅಂಗುಲ ಆಳವಿದೆ ಎನ್ನೋಣ. ಮುಕ್ಕಾಲು ಅಂಗುಲದ ಹಲಗೆಯಾದರೆ ಸಿದ್ಧ ಪೆಟ್ಟಿಗೆಯ ಸುತ್ತುಹಲಗೆಗೆ ಅರ್ಧ ಘನ ಅಡಿಯೂ ಹಿಡಿಯುವುದಿಲ್ಲ. ಇಷ್ಟೇ ತಾನೇ ಎನ್ನಿಸಬಹುದು. ಆದರೆ ಗಿರಾಕಿ ಬಯಸುವುದು ಒಂದೇ ಹಲಗೆಯ ಗೆರೆಗಳು ಮೂಲೆಯಿಂದ ಮೂಲೆಗೆ ಕಡಿಯದೆ ಸುತ್ತುವುದನ್ನು. ಅದಕ್ಕೆ ಗಂಟಿಲ್ಲದ, ಬಿಳಿ ಭಾಗ ಸೇರದ, ಏಳೂವರೆ ಅಡಿ ಉದ್ದ, 10 ಅಂಗುಲ ಅಗಲದ ಅಖಂಡ ಹಲಗೆ ಬೇಕು. ಬೀಟೆಯ ಚೇಗು ಅಷ್ಟು ಅಗಲಕ್ಕೆ ಬರಲು ಮರ ಎಷ್ಟು ತಲೆಮಾರುಗಳನ್ನು ಕಾಣಬೇಕೆಂಬುದನ್ನು ಘಟ್ಟದವರಿಗೆ ಹೇಳಿಕೊಡಬೇಕಾಗಿಲ್ಲ. ಗಿಟಾರಿನ ಬೆನ್ನಿನ ಹಲಗೆ ಸುಮಾರು 2.5 ಮಿಲಿಮೀಟರ್ ದಪ್ಪವಿದ್ದರೆ ಪೆಟ್ಟಿಗೆಯದು 19 ಮಿಲಿಮೀಟರ್. ನಾದಕ್ಕಾಗಿ ಬಳಸುವಲ್ಲಿ ಇಷ್ಟು ಮಿತ, ಅಂದಕ್ಕಾಗಿ ಬಳಸುವಲ್ಲಿ ಅಷ್ಟು ಧಾರಾಳ! ಅಂದವೇ ಬೇಕಾದರೆ ಪ್ಲೈವುಡ್ಡಿನ ಮೇಲೆ ಬೀಟೆಯ ತೆಳು ಪದರ ಅಂಟಿಸಬಹುದು. ಒಂದು ಹಲಗೆಯ ದಪ್ಪದಲ್ಲಿ ಅಂತಹ ಇಪ್ಪತ್ತಕ್ಕೂ ಹೆಚ್ಚು ಪದರಗಳು ಬರುತ್ತವೆ.

ಗಟ್ಟಿಮರದಲ್ಲೇ ಮಾಡುವುದಾದರೆ ಅದನ್ನು ಬಲ್ಲವರು ಮಾಡಬೇಕು. ಆಷಾಢದಲ್ಲಿ ಬಾಗಿಲು ಬಿಗಿದುಕೊಂಡು, ಬೇಸಿಗೆಯಲ್ಲಿ ಸಡಿಲವಾಗುವುದನ್ನು ಎಲ್ಲರೂ ಕಂಡಿದ್ದಾರೆ. ಮರ ತೇವಕ್ಕೆ ಹಿಗ್ಗುವುದು ನಾರಿನ ಅಡ್ಡಕ್ಕೆ. ನಾರಿನ ಉದ್ದಕ್ಕೆ ಹಿಗ್ಗುವುದು ನಗಣ್ಯ. ಆದ್ದರಿಂದ ನಾಲ್ಕೂ ಹಲಗೆಗಳ ನಾರು ಪೆಟ್ಟಿಗೆಯನ್ನು ಸುತ್ತುವಂತೆ ಇಡುತ್ತಾರೆ. ಆಗ ಹಿಗ್ಗುವುದೂ ಕುಗ್ಗುವುದೂ ಆಳದ ದಿಕ್ಕಿನಲ್ಲಿ, ನಾಲ್ಕಕ್ಕೂ ಒಟ್ಟಿಗೆ ನಡೆದು ಮೂಲೆ ಬಿಡುವುದಿಲ್ಲ. ಮೂಲೆಗಳಲ್ಲಿ ಎರಡು ಕೈಗಳ ಬೆರಳು ಹೆಣೆದಂತೆ ಹಲ್ಲು ಕೊಯ್ದು ಸೇರಿಸುವುದು ವಾಡಿಕೆ. ಒಳಗೆ ಆಳದ ದಿಕ್ಕಿಗೆ ಪಟ್ಟಿಯನ್ನು ಅಂಟು ಹಚ್ಚಿ ಬಿಗಿದರೆ ಒಂದೆರಡು ಮಳೆಗಾಲದಲ್ಲಿ ಹಲಗೆ ಸೀಳುತ್ತದೆ. ಉದ್ದನೆಯ ತೂತು ಕೊರೆದು ಸ್ಕ್ರೂ ಹಾಕಿದರೆ ಮರಕ್ಕೆ ಸರಿಯಲು ಎಡೆ ಸಿಗುತ್ತದೆ. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟುವ ಮೈಯನ್ನು ಮೊದಲು ಸ್ಪಿರಿಟ್ಟಿನಿಂದ ಒರೆಸಬೇಕು. ಅದರ ಧೂಳು ಚರ್ಮಕ್ಕೂ ಶ್ವಾಸಕ್ಕೂ ಒಗ್ಗದು, ಮೂಗಿಗೆ ಬಟ್ಟೆ ಕಟ್ಟದೆ ಉಜ್ಜಬಾರದು. ಆಚಾರಿಗಳಿಗೆ ಇದೆಲ್ಲ ಹೊಸತೇನಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಬಹುದು. ಬ್ರೆಜಿಲಿನ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟ್ಸ್ ಒಪ್ಪಂದ 1992ರಲ್ಲಿ ಬಹುಮಟ್ಟಿಗೆ ನಿಲ್ಲಿಸಿತು. 2017ರ ಜನವರಿ 2ರಿಂದ ಭಾರತದ ಬೀಟೆ ಸೇರಿದಂತೆ ಆ ಕುಲದ ಉಳಿದ ಎಲ್ಲ ಮರಗಳೂ, ಆಫ್ರಿಕದ ಬುಬಿಂಗಾವೂ ನಿಯಂತ್ರಣದ ಪಟ್ಟಿಗೆ ಬಂದವು. ವಾದ್ಯ ತಯಾರಕರ ಒತ್ತಾಯದಿಂದ 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಕಚ್ಚಾ ಮರಕ್ಕೆ ದೊರೆಯಲಿಲ್ಲ. ಕರ್ನಾಟಕದಲ್ಲಿ ಸ್ವಂತ ಜಮೀನಿನ ಬೀಟೆಯನ್ನೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಪರವಾನಗಿಯಿಲ್ಲದೆ ಸಾಗಿಸುವಂತಿಲ್ಲ. ಕಳ್ಳ ದಿಮ್ಮಿಯೊಂದು ಒಮ್ಮೆ ಹಲಗೆಯಾಗಿ, ಪಾಲಿಶ್ ಹೊಡೆಸಿಕೊಂಡು ಪೆಟ್ಟಿಗೆಯಾಯಿತೆಂದರೆ ಅದರ ಊರು ಯಾವುದೆಂದು ಗುರುತಿಸುವುದು ಬಹಳ ಕಷ್ಟ. ಕಾಗದ ಕೇಳಬೇಕಾದುದು ಹಲಗೆ ಕೊಳ್ಳುವಾಗಲೇ.

ಊರಿನ ಕಾಲೇಜು ಹುಡುಗರು ಗಿಟಾರ್ ಹಿಡಿಯುತ್ತಿರುವ ಕಾಲವಿದು. ಅಂತಹವರಿಗೊಂದು ಪೆಟ್ಟಿಗೆ ಬೇಕಾದರೆ ಕಾಫಿ ತೋಟದ ಸಿಲ್ವರ್ ಓಕ್ ಇದೆ. ನೆರಳಿಗೆಂದು ನೆಟ್ಟು, ಕಡಿದು, ಮತ್ತೆ ನೆಡುವ ಮರ ಅದು. ಹಗುರವಾದ್ದರಿಂದ ಹೊತ್ತು ತಿರುಗುವವನ ಬೆನ್ನೂ ಉಳಿಯುತ್ತದೆ. ಗಟ್ಟಿಮರದ ಆಸೆ ಬಿಡದವರು ಕೆಡವಿದ ಹಳೆಯ ಮನೆಯ ತೊಲೆ, ಮುರಿದ ಮಂಚದ ಪಟ್ಟಿಗಳನ್ನು ಹುಡುಕಬಹುದು. ಅರ್ಧ ಶತಮಾನ ಒಣಗಿದ ಆ ಮರ ಹೊಸ ಹಲಗೆಯಂತೆ ಬಾಗುವುದಿಲ್ಲ, ತಿರುಚುವುದಿಲ್ಲ. ಗರಗಸಕ್ಕೆ ಕೊಡುವ ಮೊದಲು ಅಯಸ್ಕಾಂತ ಆಡಿಸಿ ನೋಡುವುದು ಒಳ್ಳೆಯದು. ತೊಲೆಯೊಳಗೆ ಅಜ್ಜನ ಕಾಲದ ಮೊಳೆಗಳು ತಲೆಯಿಲ್ಲದೆ ಹುದುಗಿರುತ್ತವೆ.