ಪಂಜರದ ಗಿಳಿಗೆ ಬಿಡುಗಡೆ ಹೇಗೆ?

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಗಿರಣಿಯ ಜನ, ಪಕ್ಷಿಶಾಸ್ತ್ರ ಓದಿದವರಲ್ಲ. ಆದರೂ ಈ ಮಾತು ಎತ್ತಬೇಕಾಗಿದೆ. ನಮ್ಮ ಚಾಳುಗಳ ಬಾಗಿಲಲ್ಲೇ ಗಿಳಿಯ ಪಂಜರಗಳು ತೂಗುತ್ತಿವೆ. ಊರು ಬಿಟ್ಟು ಬಂದವರ ಮಕ್ಕಳಿಗೆ ಗಿಳಿ ಒಂದು ಜೊತೆ. ಅದು ಕನ್ನಡದಲ್ಲಿ "ಯಾರು ಬಂದ್ರು?" ಎಂದರೆ ನಮಗೂ ಹಿಗ್ಗೇ.

ಆದರೆ ಅದು ಬಂದುದೆಲ್ಲಿಂದ? ಚಳಿ ಇಳಿಯುವ ಹೊತ್ತಿಗೆ ಮರದ ಪೊಟರೆಗೆ ಕೈಹಾಕಿ, ರೆಕ್ಕೆ ಬಲಿಯದ ಮರಿಗಳನ್ನು ಎತ್ತಿ ತರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿಡುವುದೂ ಅಪರಾಧ. ಗಿಳಿಶಾಸ್ತ್ರದವನಿಗೂ ಇದರಿಂದ ವಿನಾಯಿತಿಯಿಲ್ಲ!

"ಹಾಗಾದರೆ ಇಂದೇ ಬಾಗಿಲು ತೆಗೆದುಬಿಡೋಣ" ಎನ್ನುವವರಿಗೆ ನಮ್ಮ ವಿನಂತಿ: ಅವಸರ ಬೇಡ. ವರ್ಷಗಟ್ಟಲೆ ಹಾರದ ಹಕ್ಕಿಯ ಎದೆಯ ಸ್ನಾಯು ಸೊರಗಿರುತ್ತದೆ. ಕತ್ತರಿಸಿದ ಗರಿ ಉದುರಿ ಹೊಸದು ಬರಲು ತಿಂಗಳುಗಳೇ ಬೇಕು. ತಟ್ಟೆಯ ಮೆಣಸಿನಕಾಯಿ ತಿಂದು ಬೆಳೆದದ್ದಕ್ಕೆ ಕಾಡಿನ ಹಣ್ಣು ಗೊತ್ತಿಲ್ಲ, ಬೆಕ್ಕಿನ ಭಯವೂ ಇಲ್ಲ. ಅದನ್ನು ಹಾರಿಬಿಡುವುದು ಬೆಕ್ಕಿಗೆ ಊಟ ಹಾಕಿದಂತೆ.

ಬಜಾರಿನಲ್ಲಿ ಲವ್‌ಬರ್ಡ್ಸ್ ಎಂದು ಮಾರುವ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದವು. ತಲೆಮಾರುಗಳಿಂದ ಗೂಡಿನಲ್ಲೇ ಹುಟ್ಟಿದವು. ಅವಕ್ಕೆ ನಾಗಪುರದ ಆಕಾಶ ಸಲ್ಲದು. ಇಂಥವಕ್ಕೆ ಬೇಕಾದುದು ಮರಗಿಡಗಳಿರುವ, ಹಾರಾಡಲು ಸ್ಥಳವಿರುವ ದೊಡ್ಡ ಪಕ್ಷಿಮನೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನವನ್ನು ಅಂಥದ್ದೆಂದೇ ಕಟ್ಟಿದರು. ಎತ್ತರ 50 ಮೀಟರ್. ಗಾಯಗೊಂಡ, ಸಾಕಿದವರು ಕೈಬಿಟ್ಟ ಹಕ್ಕಿಗಳಿಗೆ ಅಲ್ಲಿ ಆಶ್ರಯವಿತ್ತರು. 2017ರಲ್ಲಿ 468 ಜಾತಿಯ ಹಕ್ಕಿಗಳಿಗಾಗಿ ಅದು ಗಿನ್ನೆಸ್ ದಾಖಲೆಗೆ ಸೇರಿತು. ನಮಗೆ ದಾಖಲೆಯ ಅಂಕಿಗಿಂತ ಆ ಎತ್ತರವೇ ದೊಡ್ಡದೆನಿಸುತ್ತದೆ. ಹಕ್ಕಿಯ ಲೆಕ್ಕ ಎಷ್ಟಾದರೂ ಇರಲಿ, ಪ್ರತಿಯೊಂದಕ್ಕೂ ರೆಕ್ಕೆ ಬಿಚ್ಚುವಷ್ಟು ಜಾಗ, ಆರೈಕೆ ಸಿಕ್ಕಬೇಕು.

ಮೈಸೂರು ದೂರವಾಯಿತು. ನಮ್ಮಲ್ಲೇ ಸೆಮಿನರಿ ಹಿಲ್ಸ್‌ನಲ್ಲಿ ಅರಣ್ಯ ಇಲಾಖೆಯ ಟ್ರಾನ್ಸಿಟ್ ಟ್ರೀಟ್‌ಮೆಂಟ್ ಸೆಂಟರ್ ಇದೆ. ಗಾಯಗೊಂಡ ಕಾಡುಪ್ರಾಣಿ ಪಕ್ಷಿಗಳಿಗೆ ಚಿಕಿತ್ಸೆ ಮಾಡಿ, ಬದುಕಬಲ್ಲವನ್ನು ಕಾಡಿಗೆ ಬಿಡುತ್ತಾರೆ. ಮನೆಯಲ್ಲಿ ಗಿಳಿ ಇರುವವರು ಮೊದಲು ಅಲ್ಲಿ ವಿಚಾರಿಸಿರಿ. ಕಾಯಿದೆಯ ಹೆಸರು ಕೇಳಿ ಒಬ್ಬರೇ ಹೋಗಲು ಅಳುಕಾದರೆ ವಾಚನಾಲಯದಲ್ಲಿ ತಿಳಿಸಿರಿ; ನಮ್ಮಲ್ಲಿ ಇಬ್ಬರು ಮೂವರು ಜೊತೆಗೆ ಬರುತ್ತೇವೆ. ಮಕ್ಕಳನ್ನೂ ಕರೆತನ್ನಿ. ಗಿಳಿ ಎಲ್ಲಿಗೆ ಹೋಯಿತೆಂದು ಅವರು ಕಣ್ಣಾರೆ ಕಾಣಲಿ.