ದಟ್ಟಿಗೆ ಮೊಳ ಹಾಕೋಣ
(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಿಮಗೆಲ್ಲ ಗೊತ್ತಿದೆ. ಕಂಪೆನಿಯೊಂದು ಶಾಲೆಗೆ ಬೆಂಚು, ಚೀಲ, ಕಂಪ್ಯೂಟರ್ ಕೊಡುತ್ತೇನೆಂದು ಬಂದಾಗ, ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಈ ಗಾದೆಯನ್ನು ಹೇಳುವುದುಂಟು. ನಾನು ಇಂದು ಮೊಳ ಹಾಕುವವರ ಪರವಾಗಿ ಮಾತನಾಡುತ್ತೇನೆ. ಯಾಕೆಂದರೆ ಈ ದಟ್ಟಿ ಧರ್ಮಕ್ಕೆ ಕೊಟ್ಟದ್ದಲ್ಲ.

ಮೊದಲು ಕಾನೂನನ್ನು ನೋಡೋಣ. 2013ರ ಕಂಪೆನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿಯ ನಿವ್ವಳ ಆಸ್ತಿ, ಇಲ್ಲವೇ 1000 ಕೋಟಿಯ ವಹಿವಾಟು, ಇಲ್ಲವೇ 5 ಕೋಟಿಯ ನಿವ್ವಳ ಲಾಭ ಇರುವ ಕಂಪೆನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ವ್ಯವಹಾರ ನಡೆಸುವ ಊರುಗಳಿಗೆ ಆದ್ಯತೆ ಕೊಡಬೇಕು. ಇದಕ್ಕೆ ಸಾಮಾಜಿಕ ಹೊಣೆಗಾರಿಕೆ ಎಂದು ಹೆಸರು. ಸಿ.ಎಸ್.ಆರ್. ಎಂದು ನೀವು ಕೇಳಿರುತ್ತೀರಿ. ಹಾಗಾದರೆ ಇದು ತೆರಿಗೆ ಕಟ್ಟಿದ ಹಾಗೆ ಒಂದು ಬಾಧ್ಯತೆ. ತೆರಿಗೆ ಕಟ್ಟಿದವರಿಗೆ ಯಾರೂ ಹಾರ ಹಾಕುವುದಿಲ್ಲ. ಬಾಧ್ಯತೆಯನ್ನು ಔದಾರ್ಯವೆಂದು ತೋರಿಸುವುದು ಪ್ರಚಾರ ವಿಭಾಗದವರ ಕೆಲಸ. ಆ ಔದಾರ್ಯದ ಫೋಟೋಕ್ಕೆ ಬೇಕಾಗುವವರು ನಮ್ಮ ಮಕ್ಕಳು.

ಈ ವಿದ್ಯೆ ಹೊಸತಲ್ಲ. 1914ರ ಏಪ್ರಿಲ್ 20ರಂದು ಅಮೆರಿಕದ ಕೊಲರಾಡೊದ ಲಡ್ಲೋ ಎಂಬಲ್ಲಿ, ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳ ಮೇಲೆ ಸೈನಿಕರೂ ಕಂಪೆನಿಯ ಕಾವಲುಗಾರರೂ ದಾಳಿ ಮಾಡಿದರು. ಉರಿಯುತ್ತಿದ್ದ ಡೇರೆಯ ಕೆಳಗಿನ ಗುಂಡಿಯಲ್ಲಿ ಇಬ್ಬರು ಹೆಂಗಸರೂ ಹನ್ನೊಂದು ಮಕ್ಕಳೂ ಸತ್ತರು. ಗಣಿ ರಾಕ್‌ಫೆಲ್ಲರ್ ಮನೆತನದ ಹಿಡಿತದಲ್ಲಿತ್ತು. ಕೆಟ್ಟ ಹೆಸರನ್ನು ತೊಳೆಯಲು ಅವರು ಐವಿ ಲೀ ಎಂಬ ಪ್ರಚಾರ ನಿಪುಣನನ್ನು ನೇಮಿಸಿದರು. ಆತ ಹಂಚಿದ ಕರಪತ್ರಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ಹಲವು ಪಟ್ಟು ಹೆಚ್ಚಿಸಿ ಬರೆದದ್ದು ಆಮೇಲೆ ಬಯಲಾಯಿತು. 1915ರಲ್ಲಿ ಕಿರಿಯ ರಾಕ್‌ಫೆಲ್ಲರ್ ತಾವೇ ಗಣಿಗಳಿಗೆ ಹೋಗಿ, ಕಾರ್ಮಿಕರ ಮನೆಗಳನ್ನು ನೋಡಿ, ಅವರ ಕುಟುಂಬದವರೊಂದಿಗೆ ಕುಣಿದರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆದರೆ ಕಾರ್ಮಿಕರು ಕೇಳಿದ್ದು ತಮ್ಮ ಸ್ವತಂತ್ರ ಸಂಘಕ್ಕೆ ಮಾನ್ಯತೆಯನ್ನು. ಅದು ಸಿಗಲಿಲ್ಲ. ಕೇಳಿದ್ದನ್ನು ಕೊಡದಿರುವುದಕ್ಕಾಗಿ ಕೇಳದೆ ಇದ್ದದ್ದನ್ನು ಕೊಡುವುದು ಅಲ್ಲಿಂದೀಚೆಗೆ ಎಷ್ಟೋ ಕಡೆ ನಡೆದಿದೆ.

ಅಮೆರಿಕದ್ದೇ ಇನ್ನೊಂದು ಲೆಕ್ಕ. ಸಿಗರೇಟು ತಯಾರಿಸುವ ಫಿಲಿಪ್ ಮಾರಿಸ್ ಕಂಪೆನಿ 1999ರಲ್ಲಿ ದಾನಧರ್ಮಕ್ಕೆ ಸುಮಾರು 7.5 ಕೋಟಿ ಡಾಲರ್ ಕೊಟ್ಟಿತು. ಆ ದಾನವನ್ನು ಊರಿಗೆಲ್ಲ ತಿಳಿಸುವ ಜಾಹೀರಾತಿಗೆ ಸುಮಾರು 10 ಕೋಟಿ ಡಾಲರ್ ಸುರಿಯಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಇಲ್ಲಿ ಬಲಗೈ ಕೊಟ್ಟದ್ದಕ್ಕಿಂತ ಎಡಗೈ ಡಂಗುರ ಹೊಡೆದ ಖರ್ಚೇ ಹೆಚ್ಚು.

ದೂರದ ಊರಿನ ಮಾತು ಸಾಕು, ನಮ್ಮ ಜಿಲ್ಲೆಗೇ ಬರೋಣ. ಸರಕಾರದ ಒಡೆತನದ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯಂಥ ಊರುಗಳ ಕನ್ನಡದ ಮನೆಗಳಲ್ಲಿ ಇಂದಿಗೂ ಅದರ ನೋವಿದೆ. ಆ ಮಕ್ಕಳಿಗೆ ಕೊನೆಗೆ ಆಧಾರವಾದದ್ದು ಯಾವ ಕಂಪೆನಿಯ ಉಡುಗೊರೆಯೂ ಅಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಜನ ಬೀದಿಗಿಳಿದು, ಕೋರ್ಟಿನ ಮೆಟ್ಟಿಲು ಹತ್ತಿ ಪಡೆದದ್ದು ಅದು. ದಾನವಾದರೆ ಕೊಡುವವನ ಮನಸ್ಸು ಬದಲಾದ ದಿನ ನಿಲ್ಲುತ್ತದೆ. ಹಕ್ಕಾದರೆ ಕೇಳಿ ಪಡೆಯಬಹುದು.

ಇನ್ನು ನಮ್ಮ ಶಾಲೆಯ ವಿಷಯ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ, ರಾಜ್ಯಗಳ ಗಡಿ ಬದಲಾದ ವರ್ಷವೇ, ಅದು ಸೇರಿತು. ನಾವು ಕೇಳುತ್ತಿರುವುದು ಏನು? ಕನ್ನಡ ಬಲ್ಲ ಅಧ್ಯಾಪಕರು, ಸಮಯಕ್ಕೆ ಕನ್ನಡದ ಪಠ್ಯಪುಸ್ತಕ, ಕನ್ನಡದ ಪ್ರಶ್ನೆಪತ್ರಿಕೆ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಪ್ರತಿಭಟಿಸಬೇಕಾಗಿ ಬಂದದ್ದು ಇದೇ ಕಾಸರಗೋಡಿನಲ್ಲಿ. ಖಾಯಂ ಅಧ್ಯಾಪಕರ ಹುದ್ದೆಯನ್ನು ಯಾವ ಕಂಪೆನಿಯೂ ಚೀಲದಲ್ಲಿ ಹಾಕಿ ತರಲಾರದು. ಅದನ್ನು ಸರಕಾರವೇ ತುಂಬಬೇಕು. ಗೋಡೆಗೆ ಬಣ್ಣ ಬಂತು, ತರಗತಿಗೆ ಪರದೆ ಬಂತು, ಇನ್ನೇನು ಕೊರತೆ ಎಂದು ಅಧಿಕಾರಿಗಳು ಕೇಳುವ ದಿನ ಬಂದರೆ, ಆ ಉಡುಗೊರೆ ನಮಗೆ ದುಬಾರಿಯಾಯಿತೆಂದೇ ಅರ್ಥ.

ಹಾಗೆಂದು ಬಂದದ್ದನ್ನು ತಿರಸ್ಕರಿಸಿ ಎಂದು ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿಕೊಟ್ಟರೆ ಕಟ್ಟಿಸಲಿ. ಆದರೆ ಒಪ್ಪುವ ಮೊದಲು ನಾಲ್ಕು ಮಾತು ಕೇಳಿ.

ಒಂದು, ನಮ್ಮ ಶಾಲೆಗೆ ಏನು ಬೇಕೆಂದು ತೀರ್ಮಾನಿಸಿದವರು ಯಾರು? ಎರಡು, ಕೊಡುವ ಕಂಪ್ಯೂಟರಿನಲ್ಲಿ ಪಾಠ ಕನ್ನಡದಲ್ಲಿದೆಯೇ, ಕೆಟ್ಟರೆ ರಿಪೇರಿ ಯಾರದು? ಮೂರು, ಮಕ್ಕಳ ಫೋಟೋವನ್ನು ಎಲ್ಲಿ ಬಳಸುತ್ತಾರೆ? ತನ್ನ ಸರಕಿನ ಮಾರಾಟಕ್ಕೆ ಅನುಕೂಲವಾಗಲೆಂದು ಕೊಡುವ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಸೇರದೆಂದು 2021ರ ನಿಯಮವೇ ಹೇಳುತ್ತದೆ. ನಾಲ್ಕನೆಯದು ಮುಖ್ಯ. ಆ ಕಂಪೆನಿ ನೂರು ರೂಪಾಯಿ ಲಾಭದಲ್ಲಿ ಎರಡನ್ನು ಇಲ್ಲಿ ಕೊಡುತ್ತಿದೆ. ಆ ನೂರನ್ನು ಅದು ಗಳಿಸಿದ್ದು ಹೇಗೆ? ಯಾರ ಬಾವಿ ಕೆಡಿಸಿ, ಯಾರ ಕೂಲಿ ಮುರಿದು ಗಳಿಸಿದ್ದಲ್ಲ ತಾನೇ?

ಸರಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದೆ. ಆ ಕುರ್ಚಿ ನಿಮ್ಮದು. ಕೊಡುಗೆಯನ್ನು ಒಪ್ಪುವ ನಿರ್ಣಯ ಬರೆಯುವ ದಿನವೇ ಅದೇ ಪುಸ್ತಕದಲ್ಲಿ ಇನ್ನೊಂದು ನಿರ್ಣಯ ಬರೆಯಿರಿ: ಖಾಲಿ ಇರುವ ಕನ್ನಡ ಅಧ್ಯಾಪಕರ ಹುದ್ದೆ ಇಷ್ಟು, ಬಾರದ ಪುಸ್ತಕ ಇಂಥವು ಎಂದು. ಅದರ ಪ್ರತಿಯನ್ನು ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಮೊದಲ ನಿರ್ಣಯಕ್ಕೆ ಫೋಟೋ ತೆಗೆಯಲು ಬೇಕಾದಷ್ಟು ಜನ ಬರುತ್ತಾರೆ. ಎರಡನೆಯದಕ್ಕೆ ನೀವೇ ಬೆನ್ನು ಹತ್ತಬೇಕು.